ಹಂಗಿಲ್ಲದ ಕೊಡುಗೆ: ಕ್ರೈಸ್ತರು ಹೇಳುವ ಕೃಪೆ ಮತ್ತು ದೀನತೆ

ಶುಭ ಶುಕ್ರವಾರದ ಹಿಂದಿನ ಸಂಜೆ ಅನೇಕ ಚರ್ಚುಗಳಲ್ಲಿ ಒಂದು ವಿಧಿ ನಡೆಯುತ್ತದೆ. ಪಾದ್ರಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಬೋಗುಣಿ ಮುಂದಿಟ್ಟುಕೊಂಡು, ಸಾಲಾಗಿ ಕೂತ ಜನರ ಪಾದ ತೊಳೆದು ಒರೆಸುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ರೋಮ್‌ನ ಬಾಲಾಪರಾಧಿಗಳ ಬಂದೀಖಾನೆಯಲ್ಲಿ ಮಾಡಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆ 12 ಮಂದಿಯಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು. ಬಗ್ಗಿ ಕೂತ ಪೋಪ್ ಅವರ ವಿನಯವನ್ನು ಎಲ್ಲರೂ ಕೊಂಡಾಡಿದರು.

ಆದರೆ ಈ ವಿಧಿ ಹುಟ್ಟಿದ ಕಥೆಯಲ್ಲಿ ಜಗಳ ತೆಗೆಯುವುದು ಪಾದ ತೊಳೆಯುವವನಲ್ಲ, ತೊಳೆಸಿಕೊಳ್ಳಬೇಕಾದವನು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ; ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಊಟದಿಂದೆದ್ದು ಶಿಷ್ಯರ ಕಾಲು ತೊಳೆಯುತ್ತ ಬರುತ್ತಾನೆ. ಆಗಿನ ಕಾಲದಲ್ಲಿ ಅದು ಆಳು ಮಾಡುವ ಕೆಲಸ. ಪೇತ್ರನ ಸರದಿ ಬಂದಾಗ ಅವನು ಖಡಾಖಂಡಿತವಾಗಿ ಹೇಳುತ್ತಾನೆ: ನೀನು ನನ್ನ ಕಾಲನ್ನು ಎಂದೆಂದಿಗೂ ತೊಳೆಯಕೂಡದು. ಮೇಲ್ನೋಟಕ್ಕೆ ಇದು ಗುರುಭಕ್ತಿಯೇ. ಯೇಸುವಿನ ಉತ್ತರ ಮಾತ್ರ ಗಟ್ಟಿಯಾಗಿದೆ: ನಾನು ತೊಳೆಯದೆ ಹೋದರೆ ನನ್ನಲ್ಲಿ ನಿನಗೆ ಪಾಲಿಲ್ಲ. ಪೇತ್ರ ತಕ್ಷಣ ಮತ್ತೊಂದು ತುದಿಗೆ ಹಾರುತ್ತಾನೆ: ಹಾಗಾದರೆ ಕಾಲು ಮಾತ್ರ ಯಾಕೆ, ಕೈ, ತಲೆ ಎಲ್ಲವನ್ನೂ ತೊಳೆ! ಅದೂ ಬೇಡವೆನ್ನುತ್ತಾನೆ ಯೇಸು. ಎರಡು ಸಲವೂ ಪೇತ್ರನೇ ಲೆಕ್ಕ ನಿಗದಿ ಮಾಡಲು ಹೊರಟಿದ್ದ, ಮೊದಲು ಏನೂ ಬೇಡ ಎಂದು, ಆಮೇಲೆ ಎಲ್ಲವೂ ಬೇಕು ಎಂದು. ಕೊಟ್ಟಷ್ಟನ್ನು ಕೊಟ್ಟ ಹಾಗೆ ತೆಗೆದುಕೊಳ್ಳುವುದು ಅವನಿಗೆ ಬರಲಿಲ್ಲ.

ಕ್ರೈಸ್ತರ ಪ್ರಾರ್ಥನೆ, ಮದುವೆ, ಶವಸಂಸ್ಕಾರಗಳಲ್ಲಿ 'ಕೃಪೆ', 'ದೀನತೆ' ಎಂಬ ಎರಡು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಹೊರಗಿನಿಂದ ಕೇಳುವವರಿಗೆ ಅವು ಭಕ್ತಿಯ ಮಾಮೂಲಿ ಮಾತುಗಳಂತೆ ತೋರಬಹುದು. ಇವೆರಡರ ನಂಟು ಗೊತ್ತಾಗದಿದ್ದರೆ ಆ ಧರ್ಮದ ಮುಕ್ಕಾಲು ಪಾಲು ಅರ್ಥವಾಗುವುದಿಲ್ಲ.

ಕೃಪೆ ಎಂದರೆ ಏನು?

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿನ ಪದ 'ಖಾರಿಸ್'. ಅದಕ್ಕೆ ದಯೆ, ಕೊಡುಗೆ, ಕೃತಜ್ಞತೆ ಎಂಬ ಅರ್ಥಗಳೆಲ್ಲ ಇವೆ. ಕನ್ನಡದ ಪ್ರೊಟೆಸ್ಟೆಂಟರು ಹೆಚ್ಚಾಗಿ 'ಕೃಪೆ' ಎನ್ನುತ್ತಾರೆ, ಕ್ಯಾಥೊಲಿಕರ ಬಾಯಲ್ಲಿ 'ವರಪ್ರಸಾದ' ಎಂಬ ಪದವೂ ಬಳಕೆಯಲ್ಲಿದೆ.

ಇದನ್ನು ಅರ್ಥಮಾಡಿಕೊಳ್ಳಲು ಸುಲಭದ ದಾರಿಯನ್ನು, ಮೊದಲ ಶತಮಾನದ ಕ್ರೈಸ್ತ ಬೋಧಕ ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ತೋರಿಸಿಕೊಟ್ಟಿದ್ದಾನೆ. ಕೆಲಸ ಮಾಡಿದವನ ಕೈಗೆ ಬರುವುದು ಕೂಲಿ. ಅದು ಬಾಕಿ ತೀರಿಸಿದ್ದು, ಯಾರೂ ಅದನ್ನು ಉಡುಗೊರೆ ಎನ್ನುವುದಿಲ್ಲ. ತಿಂಗಳ ಕೊನೆಗೆ ಸಂಬಳ ಬಂದರೆ ನಾವು ಮಾಲೀಕರ ಮನೆಗೆ ಹೋಗಿ ಕಣ್ಣೀರಿಟ್ಟು ಧನ್ಯವಾದ ಹೇಳುತ್ತೇವೆಯೇ? ಕೃಪೆ ಇದರ ತದ್ವಿರುದ್ಧ. ದುಡಿದು ಪಡೆಯದ್ದು, ದುಡಿದು ಪಡೆಯಲಾಗದ್ದು, ಕೊಡುವವನು ತನ್ನ ಮನಸ್ಸಿನಿಂದಲೇ ಕೊಟ್ಟದ್ದು.

ಇಲ್ಲಿ 'ಕರುಣೆ'ಗೂ 'ಕೃಪೆ'ಗೂ ಒಂದು ಸಣ್ಣ ವ್ಯತ್ಯಾಸವಿದೆ. ಸಾಲಗಾರನ ಸಾಲ ಮನ್ನಾ ಮಾಡಿದರೆ ಅದು ಕರುಣೆ. ಮನ್ನಾ ಮಾಡಿದ ಮೇಲೆ ಅವನನ್ನು ಮನೆಗೆ ಕರೆದು ಮಗನೆಂದು ಬರೆಸಿಕೊಂಡು ಆಸ್ತಿಯಲ್ಲಿ ಪಾಲು ಕೊಟ್ಟರೆ ಅದು ಕೃಪೆ. ಕ್ರೈಸ್ತ ನಂಬಿಕೆ ಹೇಳುವುದು ಎರಡನೆಯದನ್ನು.

ಇದರ ಜೊತೆ ಬರುವ ಇನ್ನೆರಡು ಪದಗಳನ್ನೂ ನೋಡಿಬಿಡೋಣ. 'ಪಾಪ' ಎಂಬುದಕ್ಕೆ ಬಳಸುವ ಗ್ರೀಕ್ ಪದ 'ಹಮಾರ್ತಿಯ', ಅದರ ಮೂಲಾರ್ಥ ಗುರಿ ತಪ್ಪುವುದು. ಕ್ರೈಸ್ತರು ಅದನ್ನು ಮಾಡಿದ ತಪ್ಪುಗಳ ಪಟ್ಟಿಯಾಗಿ ಮಾತ್ರ ನೋಡುವುದಿಲ್ಲ, ದೇವರಿಂದ ಮುಖ ತಿರುಗಿಸಿಕೊಂಡ ಸ್ಥಿತಿಯಾಗಿ ನೋಡುತ್ತಾರೆ. 'ನಂಬಿಕೆ' ಎಂದರೆ ದೇವರಿದ್ದಾನೆ ಎಂದು ಒಪ್ಪುವುದಷ್ಟೇ ಅಲ್ಲ. ಈಜು ಕಲಿಯುವವನು ನೀರಿಗೆ ಮೈಯೊಡ್ಡುತ್ತಾನಲ್ಲ, ಅಂಥ ಒಪ್ಪಿಸಿಕೊಳ್ಳುವಿಕೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಈ ಪದಗಳನ್ನು ಒಂದೇ ಮಾತಿನಲ್ಲಿ ಕೂಡಿಸುತ್ತದೆ: ನಂಬಿಕೆಯ ಮೂಲಕ ಕೃಪೆಯಿಂದಲೇ ನಿಮಗೆ ರಕ್ಷಣೆಯಾಯಿತು, ಅದು ದೇವರ ವರ, ಯಾರೂ ಹೊಗಳಿಕೊಳ್ಳಲು ಆಸ್ಪದವಿಲ್ಲ. ಕೊನೆಯ ತುಂಡನ್ನು ಗಮನಿಸಿ. ದೀನತೆ ಒಳಗೆ ಬರುವುದು ಆ ಬಾಗಿಲಿನಿಂದ.

ದೀನತೆ: ಕನ್ನಡದಲ್ಲಿ ಸ್ವಲ್ಪ ತೊಡಕಿನ ಪದ

'ದೀನ' ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕೈಮುಗಿದು ಗೋಗರೆಯುವ ಆಸಾಮಿ. 'ವಿನಯ' ಎಂದರೆ ಸಭಾಮರ್ಯಾದೆಯ ವಾಸನೆ ಹೊಡೆಯುತ್ತದೆ, ಪ್ರಶಸ್ತಿ ತೆಗೆದುಕೊಳ್ಳುತ್ತ 'ನನ್ನದೇನಿಲ್ಲ' ಎನ್ನುವಂಥದ್ದು. ಕ್ರೈಸ್ತರು ಹೇಳುವುದು ಇವೆರಡರ ಮಧ್ಯೆ ಎಲ್ಲೋ ಇದೆ, ಅದಕ್ಕೆ ಸರಿಯಾಗಿ ಕೂರುವ ಇನ್ನೊಂದು ಪದ ನನಗೂ ಸಿಕ್ಕಿಲ್ಲ. ಲ್ಯಾಟಿನ್‌ನ 'ಹ್ಯೂಮಿಲಿತಾಸ್' ಪದಕ್ಕೂ ಮಣ್ಣು ಎಂಬರ್ಥದ 'ಹ್ಯೂಮಸ್' ಪದಕ್ಕೂ ಬೇರು ಒಂದೇ. ಬೈಬಲಿನ ಮೊದಲ ಪುಸ್ತಕದಲ್ಲಿ ಮನುಷ್ಯ ಮಣ್ಣಿನಿಂದ ಆದವನು. ನಾನು ಮಣ್ಣಿನವನು, ಉಸಿರು ಕೊಟ್ಟದ್ದು ಬೇರೆಯವನು ಎಂಬ ನೆನಪೇ ದೀನತೆಯ ತಿರುಳು.

ಪ್ರಾಚೀನ ಗ್ರೀಕ್-ರೋಮನ್ ಜಗತ್ತಿನಲ್ಲಿ ಇದೇನು ದೊಡ್ಡ ಗುಣವಾಗಿರಲಿಲ್ಲ. 'ತಪೈನೋಸ್' ಎಂಬ ಗ್ರೀಕ್ ಪದವನ್ನು ಹೆಚ್ಚಾಗಿ ಕೀಳು, ಗುಲಾಮಗಿರಿಗೆ ತಕ್ಕ ಎಂಬರ್ಥದಲ್ಲಿ ಬಳಸುತ್ತಿದ್ದರು. ಗೌರವ, ಕೀರ್ತಿ, ಕುಲದ ಹೆಸರು ಮುಖ್ಯವಾಗಿದ್ದ ಆ ಸಮಾಜದಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅದೇ ಬೇರಿನ ಪದ ಹಿಡಿದು, ಕ್ರಿಸ್ತನು ದೇವಸ್ವರೂಪನಾಗಿದ್ದರೂ ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿ ಶಿಲುಬೆಯ ಮರಣದವರೆಗೂ ಇಳಿದ ಎಂದು ಬರೆದ. ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ದೇವರೇ ಅಷ್ಟು ಕೆಳಗಿಳಿದ ಮೇಲೆ ಕೆಳಗಿರುವುದರಲ್ಲಿ ನಾಚಿಕೆ ಏನು ಎಂಬುದು ಅಲ್ಲಿಂದ ಮುಂದಿನ ತರ್ಕ.

ಹಾಗಾದರೆ ದೀನತೆ ಎಂದರೆ ತನ್ನನ್ನು ತಾನು ಹಳಿದುಕೊಳ್ಳುವುದೇ? 16ನೇ ಶತಮಾನದ ಸ್ಪೇನಿನ ಸಂನ್ಯಾಸಿನಿ, ಅವಿಲಾದ ತೆರೇಸಾ ಕೊಟ್ಟ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೇವರು ಸತ್ಯಸ್ವರೂಪಿ, ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು ಎಂದಳು ಆಕೆ. ಈ ಲೆಕ್ಕದಲ್ಲಿ ಚೆನ್ನಾಗಿ ಹಾಡುವವಳು 'ನನಗೆ ಹಾಡಲು ಬರುವುದಿಲ್ಲ' ಎಂದರೆ ಅದು ಸುಳ್ಳು. 'ಬರುತ್ತದೆ, ಆದರೆ ಕಂಠ ನಾನು ಮಾಡಿಕೊಂಡದ್ದಲ್ಲ' ಎಂದರೆ ದೀನತೆ. 'ನಿನಗೆ ಸಿಕ್ಕಿರುವುದರಲ್ಲಿ ನೀನು ಪಡೆಯದೆ ಬಂದದ್ದು ಯಾವುದು?' ಎಂದು ಪೌಲ ಕೊರಿಂಥದವರನ್ನು ಕೇಳಿದ್ದೂ ಇದನ್ನೇ.

ಒಂದು ಮಾತು ಇಲ್ಲೇ ಹೇಳಬೇಕು. ಹೊಡೆತ, ಅವಮಾನ, ಶೋಷಣೆಯನ್ನು ಸಹಿಸಿಕೊಂಡಿರು ಎನ್ನಲು ಈ ಪದವನ್ನು ಬಳಸಿದವರು ಚರಿತ್ರೆಯುದ್ದಕ್ಕೂ ಇದ್ದಾರೆ. ಮೇಲಿನ ಅರ್ಥದಲ್ಲಿ ಅದಕ್ಕೆ ಆಧಾರವಿಲ್ಲ. ಪಾದ ತೊಳೆದ ಕಥೆಯಲ್ಲಿ ಬಗ್ಗಿದವನು ಗುರು, ಕೂತವರು ಶಿಷ್ಯರು.

ಪುಕ್ಕಟೆ ಸಿಕ್ಕಿದ್ದನ್ನು ತೆಗೆದುಕೊಳ್ಳಲು ಕಷ್ಟವೇನು?

ಉಡುಗೊರೆಗೆ ಕೈಚಾಚಲು ದೀನತೆ ಯಾಕೆ ಬೇಕು ಎಂದು ಕೇಳಬಹುದು. ಕನ್ನಡದ 'ಹಂಗು' ಎಂಬ ಒಂದೇ ಪದ ಸಾಕು ಉತ್ತರಕ್ಕೆ. 'ನಾನು ಯಾರ ಹಂಗಿನಲ್ಲೂ ಬದುಕಿಲ್ಲ' ಎಂದು ಎದೆ ಸೆಟೆಸಿ ಹೇಳುತ್ತೇವೆ. ಯಾರಾದರೂ ದುಬಾರಿ ವಸ್ತು ತಂದುಕೊಟ್ಟರೆ ಸಂತೋಷಕ್ಕಿಂತ ಮೊದಲು ಹುಟ್ಟುವುದು ಇದಕ್ಕೆ ಸಮನಾಗಿ ಏನು ಕೊಡಲಿ ಎಂಬ ಚಿಂತೆ. ಕೈ ಮುರಿದುಕೊಂಡು ಬೇರೆಯವರಿಂದ ತುತ್ತು ತಿನ್ನಿಸಿಕೊಂಡವರನ್ನು ಕೇಳಿ ನೋಡಿ, ನೋವಿಗಿಂತ ಆ ಚಮಚ ಬಾಯಿಗೆ ಬರುವ ಗಳಿಗೆಯೇ ಹೆಚ್ಚು ಕಾಡಿತೆನ್ನುತ್ತಾರೆ. ಕೊಡುವಾಗ ನಾವು ಮೇಲೆ, ತೆಗೆದುಕೊಳ್ಳುವಾಗ ಕೆಳಗೆ. ಹಂಗಿನಲ್ಲಿ ಕೊಟ್ಟವನು ಲೆಕ್ಕ ಇಟ್ಟಿರುತ್ತಾನೆ, ಪಡೆದವನು ಅದನ್ನು ತೀರಿಸುವವರೆಗೆ ತಲೆ ಎತ್ತುವುದಿಲ್ಲ. ಕೃಪೆಯಲ್ಲಿ ಕೊಟ್ಟವನ ಬಳಿ ಲೆಕ್ಕದ ಪುಸ್ತಕವೇ ಇಲ್ಲ ಎನ್ನುತ್ತದೆ ಕ್ರೈಸ್ತ ನಂಬಿಕೆ. ನಮಗೆ ನಂಬಲು ಕಷ್ಟವಾಗುವುದು ಅದನ್ನೇ.

ಹಳೆ ಒಡಂಬಡಿಕೆಯ ನಾಮಾನನ ಕಥೆ (ಅರಸುಗಳ ಎರಡನೆಯ ಪುಸ್ತಕ, 5ನೇ ಅಧ್ಯಾಯ) ಇದಕ್ಕೆ ಹೇಳಿ ಮಾಡಿಸಿದಂತಿದೆ. ಅರಾಮ್ ದೇಶದ ಸೇನಾಧಿಪತಿ, ಆದರೆ ಮೈಗೆ ಕುಷ್ಠ. ಇಸ್ರಾಯೇಲಿನಲ್ಲಿ ಒಬ್ಬ ಪ್ರವಾದಿ ಇದ್ದಾನೆ ಎಂದು ಅವನ ಮನೆಗೆ ಸುದ್ದಿ ಮುಟ್ಟಿಸಿದ್ದು ಸೆರೆಯಾಗಿ ಬಂದ ಒಬ್ಬ ಪುಟ್ಟ ಹುಡುಗಿ. ನಾಮಾನ ಹೊರಟದ್ದು 10 ತಲಾಂತು ಬೆಳ್ಳಿ, 6,000 ಶೆಕೆಲ್ ಬಂಗಾರ (ಎರಡೂ ಆ ಕಾಲದ ತೂಕದ ಅಳತೆ), 10 ಜೊತೆ ಬಟ್ಟೆ ಹೇರಿಕೊಂಡು. ಗುಣವಾಗುವುದಕ್ಕೆ ತಕ್ಕ ಬೆಲೆ ತೆರಲು ಸಿದ್ಧನಾಗಿಯೇ ಬಂದಿದ್ದ. ರಥ ಬಾಗಿಲಿಗೆ ಬಂದು ನಿಂತರೆ ಪ್ರವಾದಿ ಎಲೀಷ ಹೊರಗೂ ಬರಲಿಲ್ಲ, ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಏಳು ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದ. ನಾಮಾನನಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ದಮಸ್ಕದ ಹೊಳೆಗಳೇನು ಇದಕ್ಕಿಂತ ಕಡಿಮೆಯೇ ಎಂದು ವಾಪಸ್ಸು ಹೊರಟ. ಆಗ ಸೇವಕರು ಕೇಳಿದ ಪ್ರಶ್ನೆ ಇದು: ಒಂದು ಕಷ್ಟದ ಕೆಲಸ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದ, ಖಂಡಿತ ಮಾಡುತ್ತಿದ್ದ. ಕಷ್ಟದ ಕೆಲಸವಾದರೆ ಅದು ಅವನ ಗಳಿಕೆಯಾಗುತ್ತಿತ್ತು. ಕೊನೆಗೆ ಹೊಳೆಗಿಳಿದ, ಗುಣವಾದ, ಕಾಣಿಕೆ ಕೊಡಲು ಬಂದ. ಎಲೀಷ ಒಂದನ್ನೂ ಮುಟ್ಟಲಿಲ್ಲ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಆಸ್ತಿ ಹಾಳುಮಾಡಿಕೊಂಡ ಕಿರಿಮಗನ ಕಥೆ ಬಹಳ ಮಂದಿಗೆ ಗೊತ್ತು. ಅದರೊಳಗಿನ ಒಂದು ಸೂಕ್ಷ್ಮ ಹಲವರ ಕಣ್ಣಿಗೆ ಬೀಳುವುದಿಲ್ಲ. ಹಂದಿ ಮೇಯಿಸುತ್ತ ಹಸಿದು ಕೂತಿದ್ದಾಗ ಅವನು ಅಪ್ಪನಿಗೆ ಏನು ಹೇಳಬೇಕೆಂದು ಒಂದು ಮಾತು ಸಿದ್ಧಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ತುಂಡು: ಪಾಪ ಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮನೆ ಹತ್ತಿರ ಬಂದಾಗ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ, ಮಗ ಕಂಠಪಾಠದಂತೆ ಹೇಳಲು ಶುರುಮಾಡುತ್ತಾನೆ, ಮೊದಲೆರಡು ತುಂಡು ಮುಗಿಯುತ್ತವೆ. ಮೂರನೆಯದು ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕೂಗಿ ನಿಲುವಂಗಿ, ಉಂಗುರ, ಕೆರ ತರಿಸುತ್ತಾನೆ. ಕೂಲಿ ಮಾಡಿ ತೀರಿಸುತ್ತೇನೆ ಎಂಬುದು ಮಗನ ಯೋಜನೆ. ತಪ್ಪೊಪ್ಪಿಗೆಯನ್ನು ಕೇಳಿಸಿಕೊಂಡ ಅಪ್ಪ ಆ ಯೋಜನೆಗೆ ಮಾತ್ರ ಅವಕಾಶ ಕೊಡಲಿಲ್ಲ.

ಇದು ಅನ್ಯಾಯ ಅಲ್ಲವೇ?

ಹಾಗೆ ಅನ್ನಿಸಲೇಬೇಕು. ಅನ್ನಿಸದಿದ್ದರೆ ಓದಿದ್ದು ತಲೆಗೆ ಹತ್ತಿಲ್ಲವೆಂದೇ ಲೆಕ್ಕ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ದ್ರಾಕ್ಷಿತೋಟದ ಯಜಮಾನ ಮುಂಜಾನೆಯಿಂದ ಹಿಡಿದು ಹೊತ್ತು ಮುಳುಗಲು ಒಂದು ಗಂಟೆ ಇರುವವರೆಗೂ ಆಳುಗಳನ್ನು ಕರೆತರುತ್ತಾನೆ, ಸಂಜೆ ಎಲ್ಲರಿಗೂ ಒಂದೇ ಬೆಳ್ಳಿ ನಾಣ್ಯ ಕೊಡುತ್ತಾನೆ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಅವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ, ಆದರೂ ಉರಿ. ಪಕ್ಕದವನಿಗೆ ಸಿಕ್ಕಿದ್ದು ನೋಡಿ ಬಂದ ಉರಿ ಅದು. ಕಿರಿಮಗನ ಕಥೆಯ ಅಣ್ಣನಿಗೂ ಇದೇ ಕಾಯಿಲೆ. 'ಇಷ್ಟು ವರ್ಷ ನಿನಗೆ ದುಡಿದೆ' ಎನ್ನುವ ಅವನು ಮನೆಯೊಳಗಿದ್ದೇ ತನ್ನನ್ನು ಕೂಲಿಯವನಂತೆ ಎಣಿಸಿಕೊಂಡಿದ್ದ.

ಲೂಕನ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಬಂದ ಇಬ್ಬರಿದ್ದಾರೆ. ಫರಿಸಾಯನು, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದವನು, ವಾರಕ್ಕೆ ಎರಡು ಸಲ ಉಪವಾಸವಿರುವವನು, ಆದಾಯದ ಹತ್ತನೆಯ ಒಂದು ಪಾಲು ಕೊಡುವವನು. ಅವನು ಸುಳ್ಳು ಹೇಳಿಲ್ಲ, ನಿಜಕ್ಕೂ ಒಳ್ಳೆಯ ನಡತೆಯವನೇ. ಸುಂಕದವನು ರೋಮನರ ಪರವಾಗಿ ಜನರಿಂದ ಹಣ ಹೀರುವವನು. ಅವನು ದೂರದಲ್ಲಿ ನಿಂತು, ಕಣ್ಣೆತ್ತದೆ, ಎದೆ ಬಡಿದುಕೊಂಡು 'ದೇವರೇ, ಪಾಪಿಯಾದ ನನ್ನನ್ನು ಕರುಣಿಸು' ಎನ್ನುತ್ತಾನೆ. ದೇವರ ಮೆಚ್ಚುಗೆ ಪಡೆದು ಮನೆಗೆ ಹೋದವನು ಈ ಎರಡನೆಯವನು. ಮೊದಲಿನವನ ಪ್ರಾರ್ಥನೆಯಲ್ಲಿ ಕೇಳಿಕೆ ಒಂದೂ ಇರಲಿಲ್ಲ, ಇದ್ದದ್ದೆಲ್ಲ ವರದಿ. ಈ ಕಥೆಯಲ್ಲಿ ಒಂದು ಬಲೆಯೂ ಇದೆ. 'ಸದ್ಯ, ನಾನು ಆ ಫರಿಸಾಯನ ಹಾಗಲ್ಲ' ಎಂದುಕೊಂಡು ಪುಸ್ತಕ ಮುಚ್ಚಿದ ಓದುಗ ಬಲೆಗೆ ಬಿದ್ದಾಯಿತು.

ಹಾಗಿದ್ದರೆ ಒಳ್ಳೆಯವರಾಗಿ ಇರುವುದು ಯಾಕೆ?

ಇದು ಮೊದಲ ಶತಮಾನದಿಂದಲೂ ಕೇಳಿದ ಪ್ರಶ್ನೆ. ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೇ ಎಂದು ಪೌಲ ತಾನೇ ಕೇಳಿ, ಎಂದಿಗೂ ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ಒಳ್ಳೆಯ ಕೆಲಸ ಕೃಪೆಗೆ ತೆರುವ ಬೆಲೆಯಲ್ಲ, ಕೃಪೆ ಬೇರೂರಿದಾಗ ಬಿಡುವ ಫಲ ಎಂಬುದು ಸಾಮಾನ್ಯ ವಿವರಣೆ. ಮರ ಬದುಕಿದೆ ಎನ್ನಲು ಹಣ್ಣು ಸಾಕ್ಷಿ, ಹಣ್ಣು ತಂದು ಕಟ್ಟಿದರೆ ಒಣಮರ ಚಿಗುರುವುದಿಲ್ಲ. ಹಾಗೆಂದು ಹಣ್ಣೇ ಬೇಡವೆನ್ನುವಂತಿಲ್ಲ: ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರ ನೇರವಾಗಿಯೇ ಹೇಳುತ್ತದೆ. ನಾಜಿಗಳನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ ಜರ್ಮನ್ ಪಾದ್ರಿ ಡೀಟ್ರಿಖ್ ಬಾನ್‌ಹಾಫರ್, ಬದುಕನ್ನು ಬದಲಿಸದ ಕ್ಷಮೆಯನ್ನು 'ಅಗ್ಗದ ಕೃಪೆ' ಎಂದು ಕರೆದರು. ಪಡೆದವನಿಗೆ ಪುಕ್ಕಟೆಯಾದರೂ ಕೊಟ್ಟವನಿಗೆ ಅದು ದುಬಾರಿಯಾಗಿತ್ತು ಎಂಬುದು ಅವರ ವಾದದ ಜೀವಾಳ.

ಕೋತಿಮರಿಯೋ, ಬೆಕ್ಕಿನ ಮರಿಯೋ

ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯುತ್ತದೆ. ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿ ಒಯ್ಯುತ್ತದೆ. ದೇವರ ಕೃಪೆಯಲ್ಲಿ ಮನುಷ್ಯನ ಪಾಲೆಷ್ಟು ಎಂಬ ಚರ್ಚೆಗೆ ನಮ್ಮಲ್ಲಿ ಬಳಸುವ ಈ ಹಳೆಯ ಹೋಲಿಕೆ ಕ್ರೈಸ್ತರ ಒಳಗಿನ ವಾದವನ್ನೂ ಬೇಗ ಹಿಡಿದುಕೊಡುತ್ತದೆ.

5ನೇ ಶತಮಾನದ ಆರಂಭದಲ್ಲಿ ಬ್ರಿಟನ್ ಮೂಲದ ಪೆಲಾಜಿಯಸ್ ಎಂಬ ವಿರಕ್ತ, ದೇವರು ಆಜ್ಞೆ ಕೊಟ್ಟ ಮೇಲೆ ಪಾಲಿಸುವ ಶಕ್ತಿ ಮನುಷ್ಯನ ಸ್ವಭಾವದಲ್ಲೇ ಇರಬೇಕು ಎಂದು ಬೋಧಿಸಿದ. 'ನೀನು ಆಜ್ಞಾಪಿಸುವುದನ್ನು ನೀನೇ ಕೊಡು' ಎಂಬ ಆಗಸ್ಟೀನನ ಪ್ರಾರ್ಥನೆ ಕೇಳಿ ಅವನಿಗೆ ರೇಗಿಹೋಯಿತಂತೆ. ಹೀಗೆಂದರೆ ಜನ ಸೋಮಾರಿಗಳಾಗುವುದಿಲ್ಲವೇ ಎಂಬ ಅವನ ಆತಂಕ ಅರ್ಥವಾಗುವಂಥದ್ದೇ. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಆಗಸ್ಟೀನ್ (354–430) ಇದಕ್ಕೆ ಉತ್ತರವಾಗಿ, ಒಳ್ಳೆಯದನ್ನು ಬಯಸುವ ಮನಸ್ಸೇ ಕೃಪೆಯಿಂದ ಬರಬೇಕು ಎಂದು ವಾದಿಸಿದ. 418ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪರ ಸಭೆ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿತು.

16ನೇ ಶತಮಾನದಲ್ಲಿ, ಪ್ರೊಟೆಸ್ಟೆಂಟ್ ಚಳವಳಿಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಅದೇ ಕಿಡಿಯನ್ನು ಮತ್ತೆ ಊದಿದ. ನಂಬಿಕೆಯಿಂದ ಮಾತ್ರ, ಕೃಪೆಯಿಂದ ಮಾತ್ರ ಎಂಬುದು ಅವನ ಪಟ್ಟು. ಕ್ಯಾಥೊಲಿಕ್ ಸಭೆ (ಚರ್ಚು) 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತನ್ನ ನಿಲುವನ್ನು ಬರೆದಿಟ್ಟಿತು: ಮೊದಲ ಹೆಜ್ಜೆ ದೇವರದೇ, ಆದರೆ ಮನುಷ್ಯ ಅದಕ್ಕೆ ಸ್ವಂತ ಇಚ್ಛೆಯಿಂದ ಓಗೊಡಬೇಕು, ಬೇಡವೆನ್ನಲೂ ಬಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಕೃಪೆಯನ್ನು ದೇವರ ಜೀವದಲ್ಲಿ ಪಾಲುಗೊಳ್ಳುವುದೆಂದು ನೋಡುತ್ತವೆ, ದೇವರೂ ಮನುಷ್ಯನೂ ಜೊತೆಗೂಡಿ ನಡೆಯುವ ಮಾತು ಅಲ್ಲಿ ಸಹಜ. ಮೆಥೊಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ 18ನೇ ಶತಮಾನದ ಜಾನ್ ವೆಸ್ಲಿ, ಮನುಷ್ಯ ತಿರುಗಿ ನೋಡುವುದಕ್ಕೂ ಮೊದಲೇ ಅವನೊಳಗೆ ಕೆಲಸ ಶುರುಮಾಡುವ ಕೃಪೆಯ ಬಗ್ಗೆ ಹೇಳಿದ.

ಟ್ರೆಂಟ್ ಮಹಾಸಭೆಯಾಗಿ ನಾಲ್ಕೂವರೆ ಶತಮಾನ ಕಳೆದ ಮೇಲೆ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮಹಾಮಂಡಲ ಮತ್ತು ಕ್ಯಾಥೊಲಿಕ್ ಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ ಎಂಬ ಮಾತಿಗೆ ಎರಡೂ ಕಡೆಯವರು ಒಪ್ಪಿದರು. 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು. ಭಿನ್ನಾಭಿಪ್ರಾಯಗಳೆಲ್ಲ ಕರಗಿವೆ ಎಂದಲ್ಲ. ಬೆಕ್ಕು ಮೊದಲು ಬಂತು ಎಂಬುದರಲ್ಲಿ ಒಮ್ಮತ, ಮರಿ ಏನು ಮಾಡಿತು ಎಂಬುದರಲ್ಲಿ ಮಾತು ಮುಂದುವರಿದಿದೆ.

ಲೂಥರ್ 1546ರಲ್ಲಿ ತೀರಿಕೊಂಡಾಗ ಅವನ ಕೊನೆಯ ಬರಹವಾಗಿ ಸಿಕ್ಕ ಚೀಟಿ ಹೀಗೆ ಮುಗಿಯುತ್ತಿತ್ತು: ನಾವು ಭಿಕ್ಷುಕರು, ಇದು ನಿಜ.

ಆಚರಣೆಯಲ್ಲಿ ಹೇಗೆ ಕಾಣುತ್ತದೆ?

ಸಿದ್ಧಾಂತ ಓದದ ವಿಶ್ವಾಸಿಯೂ ಇದನ್ನು ಮೈಯಿಂದಲೇ ಕಲಿಯುತ್ತಾನೆ. ಆರ್ಥೊಡಾಕ್ಸ್ ಸಂನ್ಯಾಸಿಗಳು ಉಸಿರಿನೊಡನೆ ಮತ್ತೆ ಮತ್ತೆ ಹೇಳುವ ಪುಟ್ಟ ಪ್ರಾರ್ಥನೆಯಲ್ಲಿ, ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ ಎಂದ ಮೇಲೆ ಬರುವುದು ಆ ಸುಂಕದವನ ಮಾತೇ: ಪಾಪಿಯಾದ ನನ್ನನ್ನು ಕರುಣಿಸು. ಕೇಳಿದ್ದೆಲ್ಲ ಸಿಗುತ್ತದೆ ಎಂಬ ಭರವಸೆ ಇದರಲ್ಲಿಲ್ಲ. ಪೌಲನಿಗೆ ಶರೀರದಲ್ಲಿ ಮುಳ್ಳಿನಂತೆ ಏನೋ ಒಂದು ಚುಚ್ಚುತ್ತಿತ್ತು, ಅದೇನೆಂದು ಅವನು ಬಿಡಿಸಿ ಹೇಳಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು.

ಇನ್ನೊಂದು, ಚರ್ಚಿನಲ್ಲಿ ಪರಮಪ್ರಸಾದ, ಅಂದರೆ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿ, ತೆಗೆದುಕೊಳ್ಳುವ ಬಗೆ. ಎಡಗೈಯನ್ನು ಬಲಗೈಗೆ ಸಿಂಹಾಸನದಂತೆ ಮಾಡಿ, ಅಂಗೈಯನ್ನು ಬಟ್ಟಲಿನಂತೆ ಗುಳಿ ಮಾಡಿ ಒಡ್ಡಿರಿ ಎಂದು 4ನೇ ಶತಮಾನದ ಜೆರುಸಲೇಮಿನ ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದಿರುವ ಉಪದೇಶ ಹೇಳುತ್ತದೆ. ಈಗಲೂ ಅನೇಕರು ಹಾಗೇ ಕೈಯೊಡ್ಡುತ್ತಾರೆ, ಕೆಲವರು ನಾಲಿಗೆಯ ಮೇಲೆ ಪಡೆಯುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಪಾದ್ರಿ ಮಗುವಿಗೆ ಉಣಿಸಿದಂತೆ ಚಮಚದಿಂದ ಬಾಯಿಗಿಡುತ್ತಾರೆ. ರೋಮನ್ ಕ್ಯಾಥೊಲಿಕ್ ಪೂಜಾನಿಯಮದ ಪ್ರಕಾರ ವಿಶ್ವಾಸಿಗಳು ತಟ್ಟೆಯಿಂದ ರೊಟ್ಟಿಯನ್ನು ತಾವೇ ಎತ್ತಿಕೊಳ್ಳುವಂತಿಲ್ಲ. ಇನ್ನೊಬ್ಬರು ಕೊಡಬೇಕು. 'ಕ್ರಿಸ್ತನ ಶರೀರ' ಎಂದು ಅವರು ಹೇಳಿದಾಗ ಪಡೆಯುವವರು ಹೇಳಬೇಕಾದದ್ದು ಒಂದೇ ಪದ, ಆಮೆನ್.